ದೊಡ್ಡವ್ವನ ಕುದುರೆ ಲಾಯ

ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದೆ. ನಮ್ಮ ಅತ್ತಿಗೆ, ಅಂದರೆ ವೈನಿ, ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಅವರ ಮಗ ಪ್ರವೀಣನಿಗಾಗಿ ನೋಡಿರುವ ಹುಡುಗಿ. ತಿಳಿನೀಲಿ ಸೀರೆ ಉಟ್ಟು ಬಾಗಿಲ ಪಕ್ಕ ನಿಂತಿದ್ದಾಳೆ. ಕೆಳಗೆ ಒಂದು ಸಾಲು: 'ಹೆಂಗದಾಳ? ಲಗೂ ಹೇಳು.' ಮುಖ ನೋಡಬೇಕಾದ ನಾನು ಏನು ಮಾಡಿದೆ ಗೊತ್ತೇ? ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ನಿರಿಗೆಯ ಕೆಳಗೆ ಕಾಣುವಷ್ಟು ಕಾಲನ್ನು ನೋಡಿದೆ. ಆಮೇಲೆ ಭುಜ, ಆಮೇಲೆ ಬೆನ್ನು. 'ಮೈಕಟ್ಟು ಛಲೋ ಐತಿ' ಎಂದು ಟೈಪು ಕೂಡ ಮಾಡಿದ್ದೆ. ಕಳಿಸುವ ಮೊದಲು ನಗು ಬಂತು. ನಾನು ಹುಡುಗಿಯನ್ನಲ್ಲ, ಕುದುರೆಯನ್ನು ನೋಡುತ್ತಿದ್ದೆ.

ತಪ್ಪು ತಿಳಿಯಬೇಡಿ. ಕೆಲವು ವರ್ಷಗಳ ಹಿಂದೆ ನಾನೊಂದು ಕುದುರೆ ಲಾಯದ ಒಡತಿಯಾಗಿದ್ದೆ. ಲಾಯ ಇದ್ದದ್ದು ನಮ್ಮೂರು ಧಾರವಾಡದಲ್ಲಲ್ಲ, ನನ್ನ ಮೊಬೈಲಿನಲ್ಲಿ. ಅದೊಂದು ಆನ್‌ಲೈನ್ ಆಟ. ಒಳ್ಳೆಯ ಗಂಡುಕುದುರೆ, ಒಳ್ಳೆಯ ಹೆಣ್ಣುಕುದುರೆ ನೋಡಿ ಜೋಡಿ ಮಾಡಬೇಕು. ಹುಟ್ಟಿದ ಮರಿಯ ಕತ್ತು, ಭುಜ, ಬೆನ್ನು, ಕಾಲು ಎಲ್ಲವನ್ನೂ ಆಟದ ತೀರ್ಪುಗಾರ ಪರೀಕ್ಷಿಸಿ ಹಣೆಬರಹ ಬರೆಯುತ್ತಾನೆ. ತಲೆಮಾರಿನಿಂದ ತಲೆಮಾರಿಗೆ ಮೈಕಟ್ಟು ತಿದ್ದುತ್ತ ಹೋಗುವುದೇ ಆಟ. ನಿಜವಾದ ಕುದುರೆಯನ್ನು ನಾನು ನೋಡಿದ್ದು ಮದುವೆಯ ಮೆರವಣಿಗೆಯಲ್ಲಿ, ಅದೂ ರಸ್ತೆಯ ಆಚೆ ಬದಿಯಿಂದ. ಆದರೂ ಕುದುರೆಯ ಗೊರಸಿನ ಬಗ್ಗೆ ಮಾತಾಡತೊಡಗಿದರೆ ನಾನು ಕಲಿಸುತ್ತಿದ್ದ ಸಾಲೆಯ ಸ್ಟಾಫ್ ರೂಮು ಖಾಲಿಯಾಗುತ್ತಿತ್ತು.

ಆ ದಿನಗಳಲ್ಲೇ ಹಳೇ ಹುಬ್ಬಳ್ಳಿಯಿಂದ ದೊಡ್ಡವ್ವ ಬಂದಳು. ಅವ್ವನ ಅಕ್ಕ. ಕುಟುಂಬದ ಅರ್ಧ ಮದುವೆಗಳನ್ನು ಕೂಡಿಸಿದವಳು. ಈಗ ನನಗೆ ಗಂಡು ಹುಡುಕದೆ ಮರಳಿ ಹೋಗುವುದಿಲ್ಲವೆಂದು ಹಟ ಹಿಡಿದು ಕೂತಿದ್ದಳು. ನನ್ನ ಎಡಗಾಲು ನಡೆಯುವಾಗ ಸ್ವಲ್ಪ ಒಳಕ್ಕೆ ತಿರುಗುತ್ತದೆ. ಕನ್ಯಾ ನೋಡಲು ಬಂದವರೆಲ್ಲ ಶಿರಾ ಅವಲಕ್ಕಿ ತಿಂದು, ನನ್ನನ್ನು ನಡೆಸಿ ನೋಡಿ, 'ತಿಳಸ್ತೇವ್ರಿ' ಎಂದು ಹೋಗಿದ್ದರು. ಯಾರೂ ತಿಳಿಸಲಿಲ್ಲ. ಮುಂದಿನ ಭಾನುವಾರ ಮತ್ತೊಬ್ಬರು ಬರುವವರಿದ್ದರು. ದೊಡ್ಡವ್ವ ದಿನಾ ನನ್ನನ್ನು ಪಡಸಾಲೆಯಿಂದ ಅಡುಗೆಮನೆಯವರೆಗೆ ನಡೆಸುತ್ತಿದ್ದಳು. 'ಕಾಲು ಒಳಗ ತಿರುಗಸಬ್ಯಾಡ. ನೆಟ್ಟಗ ಇಡು.' ಈ ಸಲವೂ ನಡೆಸಿ ನೋಡಿ ಬೇಡವೆಂದರೆ, ಇನ್ನೊಮ್ಮೆ ಚಹಾದ ತಟ್ಟೆ ಹಿಡಿದು ಯಾರ ಮುಂದೆಯೂ ಹೋಗಲಾರೆನೆಂದು ನನಗೆ ಗೊತ್ತಿತ್ತು. ಅದನ್ನು ಅವಳಿಗೆ ಹೇಳುವ ಧೈರ್ಯವಿರಲಿಲ್ಲ. ಹೀಗಾಗಿ ನಡೆದು ಮುಗಿಸಿ ಕುದುರೆಗಳ ಜೊತೆ ಕೂಡುತ್ತಿದ್ದೆ.

ಒಂದು ಸಂಜೆ ದೊಡ್ಡವ್ವ ಕನ್ನಡಕ ಏರಿಸಿ ನನ್ನ ಪಕ್ಕ ಬಂದು ಕೂತಳು. ನಾನು ಸರದಾರನೆಂಬ ಗಂಡಿಗೆ ಶಾಲ್ಮಲೆಯನ್ನು ಜೋಡಿ ಮಾಡುವವಳಿದ್ದೆ. ಇಡೀ ಲಾಯದಲ್ಲಿ ಇವರಿಬ್ಬರದೇ ಚೆಂದದ ಮೈಕಟ್ಟು.

'ಈ ಹುಡುಗನ ಅಪ್ಪ ಯಾರು?' ಎಂದಳು.

ತೋರಿಸಿದೆ. ಒಂದು ಕರಿಕುದುರೆ. 'ಹುಡುಗಿ ಅಪ್ಪ?' ತೋರಿಸಿದೆ. ಅದೇ ಕರಿಕುದುರೆ.

'ಒಂದಽ ಬೆಡಗಿನಾಗ ಲಗ್ನಾ ಮಾಡಾಕತ್ತಿಯೇನು? ಅಣ್ಣಾ ತಂಗಿ ಆಗಬೇಕು ಇವ್ರು.'

ಬೆಡಗು ಎಂದರೆ ನಮ್ಮಲ್ಲಿ ಗೋತ್ರವಿದ್ದ ಹಾಗೆ. ಒಂದೇ ಬೆಡಗಿನವರೊಳಗೆ ಹೆಣ್ಣು ತರುವುದಿಲ್ಲ. ಇದು ಆಟ, ಕುದುರೆಗಳಿಗೆ ಬೆಡಗಿಲ್ಲ ಎಂದೆ. 'ಇಲ್ಲದಿದ್ರ ಇವತ್ತಿಂದ ಐತಿ' ಎಂದಳು. ಅರ್ಧ ತಾಸಿನಲ್ಲಿ ನನ್ನ ಲಾಯದ ಪ್ರತಿ ಕುದುರೆಗೂ ಒಂದೊಂದು ಬೆಡಗು ಬಂತು.

ಶಾಲ್ಮಲೆಗೆ ಹೊರಗಿನ ಸಂಬಂಧ ಹುಡುಕಿದೆವು. ಯಾವುದೋ ದೇಶದ ಆಟಗಾರನ ಬಳಿ ಒಂದು ಸುಂದರ ಗಂಡುಕುದುರೆ ಇತ್ತು. ದೊಡ್ಡವ್ವ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದೆ: ಹುಡುಗನ ಅಜ್ಜ ಯಾರು, ಮನೆತನದಲ್ಲಿ ಯಾರಿಗಾದರೂ ಕಾಲಿನ ದೋಷವಿದೆಯೇ. ಆ ಪುಣ್ಯಾತ್ಮ ಪೂರ್ತಿ ವಂಶಾವಳಿ ಕಳಿಸಿ, ಕೊನೆಗೆ ಶುಲ್ಕವನ್ನೂ ತಿಳಿಸಿದ. ನಮ್ಮ ಆಟದ ನಾಣ್ಯಗಳಲ್ಲಿ.

'ನೋಡಿದ್ಯಾ, ವರದಕ್ಷಿಣಿ ಕೇಳಾಕತ್ತಾರ,' ಎಂದು ದೊಡ್ಡವ್ವ ಮುಖ ಸಿಂಡರಿಸಿದಳು. ವಂಶಾವಳಿಯನ್ನು ಇನ್ನೊಮ್ಮೆ ಓದಿಸಿಕೊಂಡು, 'ಮನೆತನ ಛಲೋ ಐತಿ. ಕೊಟ್ಟು ಬಿಡು,' ಎಂದಳು.

ಶನಿವಾರ ಮರಿ ಹುಟ್ಟಿತು. ಕೆಂಚು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ದೊಡ್ಡವ್ವ ಅಲ್ಲೇ ಬಂಗಾರಿ ಎಂದು ಹೆಸರಿಟ್ಟಳು. ಅಷ್ಟರಲ್ಲಿ ತೀರ್ಪು ಬಂತು. ನಾನು ಕನ್ನಡದಲ್ಲಿ ಓದಿ ಹೇಳಿದೆ. ಕತ್ತು ಗಿಡ್ಡ. ಬೆನ್ನು ಸಾಧಾರಣ. ಮುಂಗಾಲು ಒಳಕ್ಕೆ ತಿರುಗಿದೆ. ಮಾರಿಬಿಡುವುದು ಒಳ್ಳೆಯದು.

'ಯಾಂವ ಅವ, ನಮ್ಮ ಕೂಸಿನ ಕಾಲು ನೋಡಾಂವ?' ದೊಡ್ಡವ್ವನ ದನಿ ಏರಿತು. 'ಕೂಸು ಇನ್ನ ಕಣ್ಣು ಬಿಟ್ಟಿಲ್ಲ, ಆಗಲೇ ಮಾರ್ರಿ ಅಂತಾನ.'

ನನ್ನ ಬಾಯಿಂದ ತಾನಾಗಿಯೇ ಬಂತು: 'ಬಂದವ್ರೆಲ್ಲಾ ನನಗೂ ಹಿಂಗಽ ನೋಡಿ ಹೋಗ್ಯಾರ, ದೊಡ್ಡವ್ವ. ನೀನೂ ದಿನಾ ಅದನ್ನಽ ಹೇಳ್ತಿ.'

ಹೇಳಿ ಮುಗಿಯುವ ಮೊದಲೇ ಅಳು ಬಂತು. ಹುಟ್ಟಿದಾಗಿನಿಂದ ಇರುವ ಕಾಲಿಗಾಗಿ ಅಂದು ಮೊದಲ ಸಲ ಒಬ್ಬರ ಮುಂದೆ ಅತ್ತೆ. ದೊಡ್ಡವ್ವ ಮೊಬೈಲು ಕೈಗೆ ತೆಗೆದುಕೊಂಡು ಮರಿಯನ್ನು ನೋಡುತ್ತಲೇ ಇದ್ದಳು. ಆಮೇಲೆ, 'ಇದನ್ನ ಮಾರಬ್ಯಾಡ,' ಎಂದಷ್ಟೇ ಹೇಳಿದಳು. ಮರುದಿನ ಬೆಳಿಗ್ಗೆ ನನ್ನನ್ನು ನಡೆಸಲಿಲ್ಲ.

ಅಂದು ಮಧ್ಯಾಹ್ನ ಮುಗದದಿಂದ ಗಂಡಿನ ಕಡೆಯವರು ಬಂದರು. ಚಹಾ ಆಯಿತು. ಹುಡುಗನ ತಾಯಿ ನಯವಾಗಿಯೇ, 'ಅಲ್ಲೀತನಾ ಸ್ವಲ್ಪ ನಡದು ಬಾ, ಯವ್ವಾ' ಎಂದರು. ನಾನು ಏಳುವಷ್ಟರಲ್ಲಿ ದೊಡ್ಡವ್ವ ನನ್ನ ಕೈ ಹಿಡಿದಳು.

'ನೀ ಕೂಡು. ಮದಲ ನಿಮ್ಮ ಹುಡುಗನ್ನ ನಡಸ್ರಿ. ನಾವೂ ನೋಡ್ತೇವಿ.'

ನಮ್ಮಪ್ಪ ಚಹಾ ನುಂಗಲಾರದೆ ಕೆಮ್ಮಿದರು. ಹುಡುಗನ ತಾಯಿಯ ಮುಖ ಬಿಗಿಯಿತು. ಆ ಹುಡುಗ ಮಾತ್ರ ಚಹಾದ ಬಸಿ ಕೆಳಗಿಟ್ಟು, ಎದ್ದು, ಬಾಗಿಲತನಕ ನಡೆದು ತಿರುಗಿ ಬಂದ.

'ಬೆನ್ನು ಉದ್ದ ಆತು,' ಎಂದಳು ದೊಡ್ಡವ್ವ.

'ಖರೇ ಐತ್ರಿ,' ಎಂದು ಅವನು ನಕ್ಕ. 'ರೆಡಿಮೇಡ್ ಅಂಗಿ ಸರಿ ಕೂಡಂಗಿಲ್ಲ.'

ತಾಯಿ ಸಿಟ್ಟಿನಿಂದಲೇ ಅವನನ್ನು ಎಬ್ಬಿಸಿಕೊಂಡು ಹೋದರು. ಅವರ ಸಿಟ್ಟು ಇಳಿಯಲು ಒಂದು ದೀಪಾವಳಿ ಕಳೆಯಬೇಕಾಯಿತು. ಉದ್ದ ಬೆನ್ನಿನವನು ಅಷ್ಟು ದಿನ ಕಾದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ, ನನ್ನ ನಡಿಗೆಯ ಬಗ್ಗೆ ಅವನು ಒಂದು ಮಾತು ಆಡಿಲ್ಲ. ನಾನು ಹೊಸ ಸೀರೆ ಉಟ್ಟರೂ ಆಡುವುದಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಬೆಳಗಿನ ಚಹಾ ಆರಿಹೋಗಿತ್ತು. ಮೈಕಟ್ಟಿನ ಮಾತನ್ನು ಅಳಿಸಿ ವೈನಿಗೆ ಬರೆದೆ: 'ನಾವು ನೋಡಾಕ ಹೋಗೂದು ಬ್ಯಾಡ. ಪ್ರವೀಣನ್ನ ತೋರಸಾಕ ಹೋಗೂಣು.' ವೈನಿ ಬಹಳ ಹೊತ್ತು ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು. ಕಡೆಗೆ ಬಂದದ್ದು ಇಷ್ಟು: 'ಅವ ಬಗ್ಗಿ ನಡೀತಾನಲ್ಲ. ಇವತ್ತಿಂದ ನೆಟ್ಟಗ ನಡಿಯೂದು ಕಲಸ್ಲೇನು?'

'ಬ್ಯಾಡ್ರಿ ವೈನಿ,' ಎಂದು ಬರೆದೆ. 'ಇದ್ದಂಗಽ ಬರ್ಲಿ.'