ಹೊಸ್ತಿಲು ಕಿತ್ತ ಮನೆ

ಸಲೂನಿನ ಯಜಮಾನನ ಹೆಂಡತಿಗೆ ಕಣ್ಣು ಮಂದವಾಗುತ್ತ ಬಂದು, ಕೊನೆಗೆ ಬೆಳಕು-ನೆರಳಷ್ಟೇ ಉಳಿದಾಗ ಬೀದಿಯವರೆಲ್ಲ ಅಯ್ಯೋ ಪಾಪ ಅಂದರು. ಆಕೆ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಮದುವೆಯಾಗಿ ಬಂದಾಗಿನಿಂದ ಓಡಾಡಿದ ಮನೆ. ಹೊಸ್ತಿಲು ಹೆಬ್ಬೆರಳಿಗೆ ತಾಗಿದರೆ ಅಡುಗೆಮನೆ ಬಂತು. ಗೋಡೆ ತರಿತರಿಯಾದರೆ ಬಚ್ಚಲ ದಾರಿ. ಬಾಗಿಲ ಚೌಕಟ್ಟಿನ ಸೀಳು ಕೈಗೆ ಸಿಕ್ಕರೆ ಮಲಗುವ ಕೋಣೆ. ಹಾಲು ಉಕ್ಕುವುದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದಳು.

“ಕಣ್ಣಿರೋ ನೀವು ಕನ್ನಡಕ ಕಳ್ಕೋತೀರ, ಕಣ್ಣಿಲ್ಲದ ನಾನು ಹುಡುಕಿ ಕೊಡ್ಬೇಕು. ಚೆನ್ನಾಗಿದೆ ಸಂಸಾರ!” ಎಂದು ಗಂಡನನ್ನು ಛೇಡಿಸುತ್ತಿದ್ದಳು.

ಮಗಳಿಗೆ ಈ ತಮಾಷೆ ಹಿಡಿಸುತ್ತಿರಲಿಲ್ಲ. ಅವಳ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಹಾಸಿಗೆಯಿಂದ ಏಳದೆಯೇ ಹೋಗಿಬಿಟ್ಟಿದ್ದರು. ಅಷ್ಟು ದಿನವೂ ಅವರ ಚಾಕರಿ ಮಾಡಿದವಳು ಇವಳೇ.

“ಅಪ್ಪ, ಅಮ್ಮನ್ನ ಸ್ವಲ್ಪ ದಿನ ನಮ್ಮನೇಲಿ ಇಟ್ಕೋತೀನಿ. ಅಷ್ಟರೊಳಗೆ ಈ ಮನೆ ಸರಿಮಾಡಿಸೋಣ. ವಯಸ್ಸಾದೋರಿರೋ ಕಡೆ ಈಗೆಲ್ಲ ಹೀಗೇ ಮಾಡಿಸ್ತಾರೆ.”

“ಅವಳ್ನ ಒಂದು ಮಾತು ಕೇಳೋದು ಬೇಡ್ವಾ?”

“ಕೇಳಿದ್ರೆ ಬೇಡ ಅಂತಾಳೆ. ಬಿದ್ಮೇಲೆ ಯಾರನ್ನ ಕೇಳ್ತೀರ?”

ಯಜಮಾನ ಒಪ್ಪಿದ. ಕೆಲಸದವರು ಹೊಸ್ತಿಲುಗಳನ್ನೆಲ್ಲ ಕಿತ್ತರು. ಅಡುಗೆಮನೆಯ ಗೋಡೆ ಒಡೆದು ಹಜಾರಕ್ಕೆ ಸೇರಿಸಿದರು. ಬಚ್ಚಲಿಗೆ ಜಾರದ ಟೈಲ್ಸ್, ಸ್ಟೀಲಿನ ಹಿಡಿಕೆ, ಅಗಲವಾದ ಬಾಗಿಲು ಬಂದವು. ಗೋಡೆಗಳಿಗೆ ಪುಟ್ಟಿ ಬಳಿದು ನುಣ್ಣಗೆ ಮಾಡಿದರು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಯಜಮಾನನಿಗೂ ಒಳಗೊಳಗೇ ಹೆಮ್ಮೆ.

ಹೆಂಡತಿ ವಾಪಸು ಬಂದವಳು ಒಳಗೆ ಎರಡು ಹೆಜ್ಜೆಯಿಟ್ಟು ಕೈಚಾಚಿದಳು. ಗೋಡೆಯಿರಬೇಕಾದಲ್ಲಿ ಬರೀ ಗಾಳಿ.

“ರೀ, ಇದು ಯಾರ ಮನೆ?”

ಮಗಳು ಕೈಹಿಡಿದು ಒಂದೊಂದೇ ಹಿಡಿಕೆ ಮುಟ್ಟಿಸಿದಳು. ಆಕೆ ಎಲ್ಲಕ್ಕೂ “ಹೂಂ” ಅಂದಳು. ಮಗಳು ಹೋದಮೇಲೆ ಕುರ್ಚಿಯಲ್ಲಿ ಕೂತವಳು ಮತ್ತೆ ತಾನಾಗಿ ಎದ್ದಿದ್ದನ್ನು ಗಂಡ ಕಾಣಲಿಲ್ಲ. ಬಚ್ಚಲಿಗೂ ಗಂಡನೇ ಕರೆದೊಯ್ಯಬೇಕು. ಛೇಡಿಸುವ ಮಾತಂತೂ ನಿಂತೇಹೋಯಿತು.

“ಎಡವೋಕೆ ಏನೂ ಇಲ್ಲ ಕಣೆ, ಧೈರ್ಯವಾಗಿ ನಡಿ,” ಅಂದ.

“ಅದೇ ಭಯ ಕಣ್ರೀ. ಕಾಲಿಗೆ ಏನೂ ಹೇಳೋದೇ ಇಲ್ಲ ಈ ನೆಲ.”

ಆ ಮಾತು ಅವನ ಕರುಳಿಗೆ ತಾಗಿತು. ಒಂದು ಬೆಳಿಗ್ಗೆ ಆಕೆ ಏಳುವ ಮೊದಲೇ, ಅಡುಗೆಮನೆಯ ಹಳೆಯ ಹೊಸ್ತಿಲಿದ್ದ ಜಾಗಕ್ಕೆ ಮರದ ಪಟ್ಟಿಯೊಂದನ್ನು ಗೋಂದು ಹಚ್ಚಿ ಅಂಟಿಸಿದ. ಗೋಂದು ಒಣಗಲಿ, ಮಧ್ಯಾಹ್ನ ಬಂದು ಕೈಹಿಡಿದು ತೋರಿಸಿದರೆ ಎಷ್ಟು ಖುಷಿಪಡುತ್ತಾಳೋ ಎಂದುಕೊಳ್ಳುತ್ತ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಸಲೂನಿಗೆ ಹೋದ. ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದಿದ್ದಾಗ ಪಕ್ಕದ ಮನೆಯವಳು ಓಡಿಬಂದಳು.

ಆಸ್ಪತ್ರೆಯ ಮಂಚದ ಮೇಲೆ ಹೆಂಡತಿ ನರಳುತ್ತ ಹೇಳಿದಳು: “ನೀವಿಲ್ಲದಾಗ ದಿನಾ ಎದ್ದು ಓಡಾಡಿ ಕಲೀತಿದ್ದೆ ಕಣ್ರೀ. ಗೊತ್ತಾದ್ರೆ ಮಗಳ ಕೈಲಿ ಬೈಸ್ಕೋಬೇಕಲ್ಲ, ಅದಕ್ಕೇ ಹೇಳ್ಲಿಲ್ಲ. ಆ ಬೋಳು ನೆಲಾನೂ ಪಳಗಿಸ್ಕೊಂಡಿದ್ದೆ. ಇವತ್ತು ಏನೋ ಕಾಲಿಗೆ ಸಿಕ್ತು.”

ಯಜಮಾನ ಮಂಚದ ಅಂಚಿಗೆ ಕೂತ. “ನಾನೇ ಕಣೆ... ನಿನಗೆ ಗುರುತು ಸಿಗ್ಲಿ ಅಂತ ಪಟ್ಟಿ ಹಾಕಿದ್ದೆ.”

“ನೀವೂ ಒಂದು ಮಾತು ಹೇಳ್ಲಿಲ್ವಲ್ರೀ,” ಅಂದಳು. ಬೈಗುಳವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಸೊಂಟದ ಮೂಳೆ ಕೂಡಿಕೊಳ್ಳಲಿಲ್ಲ. ಮನೆಗೆ ತಂದು ಮಲಗಿಸಿದರು. ಮಗಳಿಗೆ ಅವನು ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ; ಸೆರಗು ಬಾಯಿಗೊತ್ತಿಕೊಂಡು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತು ಬಂದಳು. ಆಮೇಲೆ ಮಲಗಿದವಳ ಕೆಳಗಿನ ಹಾಸು ಬದಲಿಸಲು ತಂದೆಗೆ ಕಲಿಸಿಕೊಟ್ಟಳು.

ಮಲಗಿದಲ್ಲೇ ಇದ್ದು ಹೆಂಡತಿಯ ಜಡೆ ಬಿಡಿಸಲಾರದಷ್ಟು ಸಿಕ್ಕುಗಟ್ಟಿತು. ಯಜಮಾನ ಸಲೂನಿನಿಂದ ಕತ್ತರಿ ತಂದ. ಸಿಕ್ಕಿನ ಬುಡಕ್ಕೇ ಕತ್ತರಿ ಹಾಕಿದ. ಕೂದಲು ದಿಂಬಿನ ಮೇಲೆ ಗಂಟುಗಂಟಾಗಿ ಬಿತ್ತು.

“ಮುಗೀತಾ?” ಅಂದಳು.

“ಮುಗೀತು.”

ಆಕೆ ತಲೆಯನ್ನು ಒಮ್ಮೆ ತಡವಿಕೊಂಡು, ಮುಖವನ್ನು ಆಚೆ ತಿರುಗಿಸಿದಳು.