ಪಾಳಿಯ ಮೇಲೆ ಜಪಸರ

ಅಜ್ಜಿಯನ್ನು ಮಣ್ಣು ಮಾಡಿ ಬಂದ ಮೇಲೆ ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಅವಳ ಹೊದಿಕೆಗಳನ್ನು ನೆನೆಹಾಕಿದ್ದು. ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವವಳು. ದಿನವೆಲ್ಲ ಯಾರ್ಯಾರದೋ ಹೊದಿಕೆ ಒಗೆದು ಬಂದು ಮನೆಯಲ್ಲೂ ಅದೇ ಕೆಲಸ ಮಾಡಿ ಅವಳ ಬೆರಳ ಸಂದಿಗಳು ಯಾವಾಗಲೂ ಬಿರುಕು ಬಿಟ್ಟಿರುತ್ತವೆ. ನಾನು ಎರಡನೇ ಬಾಣಂತನಕ್ಕೆ ಬಂದವಳು, ಅಜ್ಜಿ ಹಾಸಿಗೆ ಹಿಡಿದದ್ದರಿಂದ ಹಾಗೇ ಉಳಿದುಕೊಂಡೆ. ಹೊಸ ಕೂಸು ಒಂದು ಮಗ್ಗುಲಲ್ಲಿ, ಹಳೇ ಕೂಸು ಅಜ್ಜಿ ಇನ್ನೊಂದು ಮಗ್ಗುಲಲ್ಲಿ. ಇಬ್ಬರಿಗೂ ಬಟ್ಟೆ ಬದಲಿಸಬೇಕು, ಇಬ್ಬರಿಗೂ ಚಮಚದಲ್ಲಿ ಉಣಿಸಬೇಕು. ದೊಡ್ಡ ಮಗಳಿಗೆ ನಾಲ್ಕು ವರ್ಷ. ತನ್ನ ಸರದಿ ಯಾವಾಗ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಅಜ್ಜಿ ಒಂದನೇ ತರಗತಿಯ ಟೀಚರಾಗಿದ್ದಳು. ಅಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ ತಾತ ಜ್ವರದಲ್ಲಿ ಹೋದರು. ಆಮೇಲೆ ಕಲಿತ ವೃತ್ತಿ ಅದು. ಚರ್ಚಿನ ಗೋಡೆಗೆ ಅಂಟಿಕೊಂಡಂತಿದ್ದ ಶಾಲೆ. ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ, ತಲೆಯ ಮುಸುಕನ್ನು ಮಡಚಿ ಚೀಲಕ್ಕೆ ತುರುಕುತ್ತಲೇ ತರಗತಿಗೆ ಕಾಲಿಡುತ್ತಿದ್ದಳಂತೆ. ಮುಖ್ಯೋಪಾಧ್ಯಾಯಿನಿ ಆಗೆಂದು ಎರಡು ಬಾರಿ ಕರೆದರೂ ಒಪ್ಪಲಿಲ್ಲ. "ಅಲ್ಲಿ ಕುರ್ಚಿ ಸಿಗುತ್ತೆ, ಮಕ್ಕಳು ಸಿಗಲ್ಲ" ಎಂದಳಂತೆ. ಕೂದಲು ನರೆತರೂ ಒಂದನೇ ಕ್ಲಾಸು ದಾಟದ ದಡ್ಡಿ ತಾನೊಬ್ಬಳೇ ಎಂದು ನಗುತ್ತಿದ್ದಳು.

ಅವಳು ಹಾಜರಿ ಕರೆಯುವ ರೀತಿಯೇ ಬೇರೆ. ಪ್ರತಿ ಮಗುವಿಗೂ ಅವಳೇ ಇಟ್ಟ ಒಂದು ಹೆಸರು: ಗುಬ್ಬಿ, ಮೂಲೆರಾಜ, ಅಳುಬುರುಕಿ, ಬಳಪನುಂಗಿ. ಬಂದ ಮಗು "ಬಂದಿದೀನಿ ಟೀಚರ್" ಎನ್ನಬೇಕು. ಬಾರದವರನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಅವರ ಹೆಸರು ಬಂದಾಗ ಇಡೀ ತರಗತಿ ಒಟ್ಟಿಗೆ "ನಾಳೆ ಬರ್ತಾರೆ ಟೀಚರ್" ಎನ್ನಬೇಕು. ಬಾರದವರ ಪರವಾಗಿ ಬಂದವರು ಉತ್ತರಿಸಬೇಕು ಎಂಬುದು ಅವಳು ಅಕ್ಷರಕ್ಕೂ ಮೊದಲು ಕಲಿಸಿದ ಪಾಠ.

ಮನೆಯಲ್ಲಿ ಸಂಜೆಯ ಜಪಸರವೂ ಅವಳದೇ. ಅವಳು ಅರ್ಧ ಹೇಳಬೇಕು, ನಾವು ಉಳಿದರ್ಧ ಹೇಳಬೇಕು. ಜ್ವರವಿರಲಿ, ಪರೀಕ್ಷೆಯಿರಲಿ, ಅಮ್ಮನ ಮದುವೆಯ ಹಿಂದಿನ ಸಂಜೆಯಿರಲಿ, ತಪ್ಪಿದ್ದಿಲ್ಲ. ತೊಂಬತ್ತು ಸಮೀಪಿಸಿದಾಗ ಅವಳ ನೆನಪು ಸೋರತೊಡಗಿತು. ಮಣಿಗಳ ಮೇಲೆ ಬೆರಳು ಓಡುತ್ತಿತ್ತು, ಲೆಕ್ಕ ಓಡುತ್ತಿರಲಿಲ್ಲ. ಮೂರನೇ ರಹಸ್ಯ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬರುವಳು. ಹತ್ತು ಹತ್ತು ಮಣಿಗಳ ಐದು ರಹಸ್ಯದ ಪ್ರಾರ್ಥನೆ ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತುತ್ತಿತ್ತು. ಒಲೆಯ ಮೇಲೆ ಅನ್ನ ಸೀದ ವಾಸನೆ ಬಂದರೂ ಏಳುವಂತಿಲ್ಲ. ಬೆಳಗಿನ ಪಾಳಿಗೆ ಕತ್ತಲಿರುವಾಗಲೇ ಏಳಬೇಕಾದ ಅಮ್ಮ ಮೊಣಕಾಲ ಮೇಲೆಯೇ ತೂಕಡಿಸುತ್ತಿದ್ದಳು.

ಅಕ್ಕಪಕ್ಕದ ಕುಟುಂಬಗಳು ಸರದಿಯಂತೆ ಒಂದೊಂದು ಮನೆಯಲ್ಲಿ ಜಪಸರಕ್ಕೆ ಸೇರುವುದುಂಟು. ನಮ್ಮ ಮನೆಯ ಸರದಿ ಬಂದಾಗ ನಡುಮನೆ ತುಂಬಿತ್ತು. ಆವತ್ತು ಅಜ್ಜಿ ಐದು ರಹಸ್ಯಗಳನ್ನೂ ತಪ್ಪದೆ ದಾಟಿದಳು. ಕೊನೆಗೆ ದೇವಮಾತೆಯ ಮನವಿಮಾಲೆ. ಮಾತೆಯ ಒಂದೊಂದು ಹೆಸರನ್ನು ಅವಳು ಕರೆದಾಗ, ನಾವೆಲ್ಲ "ನಮಗಾಗಿ ಪ್ರಾರ್ಥಿಸಿರಿ" ಎನ್ನಬೇಕು.

"ಜ್ಞಾನದ ಪೀಠವೇ," ಎಂದಳು.

"ನಮಗಾಗಿ ಪ್ರಾರ್ಥಿಸಿರಿ."

"ಮುಂಜಾನೆಯ ನಕ್ಷತ್ರವೇ."

"ನಮಗಾಗಿ ಪ್ರಾರ್ಥಿಸಿರಿ."

"ಗುಬ್ಬಿ."

"ನಮಗಾಗಿ ಪ್ರಾರ್ಥಿಸಿರಿ" ಎಂದು ನಾವೆಲ್ಲ ಒಂದೇ ರಾಗದಲ್ಲಿ ಹೇಳಿಬಿಟ್ಟಿದ್ದೆವು.

"ಬಳಪನುಂಗಿ," ಎಂದಳು ಅಜ್ಜಿ ಅಷ್ಟೇ ಭಕ್ತಿಯಿಂದ.

ಬಾಗಿಲ ಹತ್ತಿರ ಕೂತಿದ್ದ ಬಸ್ಸಿನ ಡ್ರೈವರು ಧಡಕ್ಕನೆ ಎದ್ದು ನಿಂತರು. ನಿವೃತ್ತಿಗೆ ಬಂದ ಮನುಷ್ಯ, ಬೋಳು ತಲೆ. "ಬಂದಿದೀನಿ ಟೀಚರ್" ಎಂದರು.

ಮೊದಲು ಅವರ ಹೆಂಡತಿ ನಕ್ಕರು. "ಅಯ್ಯೋ, ಬಳಪ ತಿಂತಿದ್ರಾ ನೀವು? ಅದಕ್ಕೇ ಅಡುಗೆಗೆ ರುಚಿ ಇಲ್ಲ ಅಂತ ದಿನಾ ತಕರಾರು." ಆಮೇಲೆ ಮನೆಯೆಲ್ಲ ನಗು. ಅಜ್ಜಿ ಮಾತ್ರ "ಕೂತ್ಕೋ, ಗಲಾಟೆ ಮಾಡ್ಬೇಡ" ಎಂದು ಮುಂದಿನ ಹೆಸರು ಹುಡುಕುತ್ತಿದ್ದಳು. ಯಾರ ನಗುವಿನಲ್ಲೂ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಮ್ಮನ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

ಎಲ್ಲರೂ ಹೋದ ಮೇಲೆ ಅಮ್ಮ ಅಜ್ಜಿಯ ಬೆರಳು ಬಿಡಿಸಿ ಜಪಸರ ತೆಗೆದುಕೊಂಡಳು.

"ನಾಳೆಯಿಂದ ನಾನು ಹೇಳ್ತೀನಮ್ಮ. ನೀನು ಉತ್ತರ ಕೊಟ್ರೆ ಸಾಕು."

"ನಾನು ಫೇಲಾದ್ನಾ?" ಎಂದಳು ಅಜ್ಜಿ.

ಅಮ್ಮ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಳು.

ಮರುದಿನದಿಂದ ಪ್ರಾರ್ಥನೆ ಬೇಗ ಮುಗಿಯಿತು, ಅನ್ನ ಸೀಯಲಿಲ್ಲ. ಅಜ್ಜಿ ಮಾತ್ರ ಬಾಯಿ ಬಿಡಲಿಲ್ಲ. ಉತ್ತರ ಕೊಡಲಿಲ್ಲ, ನೀರು ಬೇಕೆನ್ನಲಿಲ್ಲ. ಆಮೇಲಾಮೇಲೆ ಚಮಚ ತುಟಿಗೆ ತಾಗಿಸಿದರೂ ಹಾಲು ಗಲ್ಲದ ಮೇಲೆ ಇಳಿಯುತ್ತಿತ್ತು. ಕೂಸಾದರೆ ಮೂಗು ಹಿಡಿದಾದರೂ ಕುಡಿಸಬಹುದು. ನನಗೆ ಅಕ್ಷರ ಕಲಿಸಿದವಳಿಗೆ ಹೇಗೆ ಹಾಗೆ ಮಾಡಲಿ? ಮೈ ಇಳಿಯುತ್ತಾ ಬಂತು. ಹೊರಳಿಸುವಾಗ ಅವಳ ಪಕ್ಕೆಲುಬು ನನ್ನ ಅಂಗೈಗೆ ಒಂದೊಂದಾಗಿ ಸಿಗುತ್ತಿತ್ತು. ಡಾಕ್ಟರು ನೋಡಿ, ಗಂಟಲಲ್ಲಿ ತೊಂದರೆಯೇನೂ ಇಲ್ಲ ಎಂದರು.

ಪರಮಪ್ರಸಾದ ತಂದ ಫಾದರಿಗೂ ತುಟಿ ತೆರೆಯಲಿಲ್ಲ. ಜೀವಮಾನದಲ್ಲಿ ಅವಳು ಪ್ರಸಾದ ಬೇಡವೆಂದದ್ದು ಅದೇ ಮೊದಲು. ಫಾದರು ಬಲವಂತ ಮಾಡಲಿಲ್ಲ, ನಡುಮನೆಗೆ ಬಂದು "ಏನಾಯ್ತು?" ಎಂದು ಕೇಳಿದರು.

"ಜಪಸರ ಕಿತ್ಕೊಂಡೆ ಫಾದರ್," ಎಂದಳು ಅಮ್ಮ.

"ವಾಪಸ್ ಕೊಟ್ಬಿಡಿ."

"ಕೊಟ್ರೆ ಮುಗಿಯೋದೇ ಇಲ್ಲ. ನೀವು ಒಂದು ಸಂಜೆ ಬಂದು ಕೂತ್ಕೊಳಿ, ಗೊತ್ತಾಗುತ್ತೆ. ದೇವರು ನನಗೂ ಎರಡೇ ಮೊಣಕಾಲು ಕೊಟ್ಟಿರೋದು."

ಕಿರಿಯ ವಯಸ್ಸಿನ ಫಾದರು ಪ್ರಸಾದದ ಪೆಟ್ಟಿಗೆ ಎತ್ತಿಕೊಂಡು ಹೋದರು. ಅಮ್ಮ ಹಾಗೇ ನೆಲದ ಮೇಲೆ ಕೂತಳು. ಕೂಸಿಗೆ ಹಾಲೂಡಿಸುತ್ತಾ ನಾನು ಕೇಳಿದೆ: "ಉತ್ತರ ಕೊಡೋಕೆ ಒಬ್ಬರಿದ್ರೆ ಸಾಲ್ದಾ? ಸ್ವಲ್ಪ ಹೊತ್ತು ನೀನು, ಸ್ವಲ್ಪ ಹೊತ್ತು ನಾನು. ಒಬ್ಬರು ಕೂತಾಗ ಇನ್ನೊಬ್ಬರು ಅಡುಗೆ ನೋಡ್ಕೊಳೋದು, ಇಲ್ಲಾ ಮಲಗೋದು."

"ಪ್ರಾರ್ಥನೇನ ಪಾಳಿ ಮೇಲೆ ಮಾಡ್ತಾರೇನೆ?"

"ಆಸ್ಪತ್ರೇಲಿ ರೋಗಿಗಳನ್ನ ನೋಡ್ಕೊಳಲ್ವಾ? ಹಾಗೇ."

"ದೇವರು ಮೆಚ್ತಾನಾ?"

"ದೇವರ ಮಾತು ಆಮೇಲೆ. ಮೊದಲು ಅಜ್ಜಿ ಹಾಲು ಕುಡೀಲಿ."

ಅಮ್ಮ ಸಂಜೆ ಹಾಸಿಗೆಯ ಬಳಿ ಕೂತು ಜಪಸರವನ್ನು ಅಜ್ಜಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ನನಗೆ ಬರಲ್ಲಮ್ಮ. ನೀನೇ ಹೇಳು."

ಅಜ್ಜಿ ಕಣ್ಣು ಬಿಟ್ಟು ಮಗಳನ್ನು ನೋಡಿದಳು. ತುಟಿಗಳು ಒಣಗಿ ಅಂಟಿಕೊಂಡಿದ್ದವು. ನಾನು ಒದ್ದೆ ಬಟ್ಟೆ ತಾಗಿಸಿದೆ. "ಎಲ್ಲಿದ್ವಿ?" ಎಂದಳು.

"ಶುರುವಿಂದ," ಎಂದಳು ಅಮ್ಮ.

ಎರಡನೇ ರಹಸ್ಯದ ಹೊತ್ತಿಗೆ ಮಣಿಗಳ ನಡುವೆ ಚಮಚ ಚಮಚವಾಗಿ ಹಾಲು ಒಳಗಿಳಿಯಿತು.

ಅಲ್ಲಿಂದ ಮುಂದೆ ಹಾಗೇ ನಡೆಯಿತು. ಅಮ್ಮ ಕೂತರೆ ನಾನು ಪಾತ್ರೆ ತೊಳೆಯುತ್ತಿದ್ದೆ, ನಾನು ಕೂತರೆ ಅಮ್ಮ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಮೊದಲನೇ ರಹಸ್ಯ ಎಷ್ಟು ಸಲ ಮರಳಿ ಬಂತೆಂದು ನಾವು ಕೇಳಲಿಲ್ಲ. ಮನವಿಮಾಲೆ ಹಾಜರಿಯಾದಾಗ ದೊಡ್ಡ ಮಗಳು ಎಲ್ಲ ಹೆಸರಿಗೂ "ಬಂದಿದೀನಿ" ಎನ್ನುವಳು. "ಒಬ್ಬಳೇ ಎಷ್ಟು ಜನಕ್ಕೆ ಹೇಳ್ತೀಯೇ ಕಳ್ಳಿ" ಎಂದು ಅಜ್ಜಿ ಗದರಿಸಿದರೆ ಅವಳಿಗೆ ಎಲ್ಲಿಲ್ಲದ ಖುಷಿ. ನನಗೆ ಸಿಟ್ಟು ಬಂದ ಸಂಜೆಗಳೂ ಇದ್ದವು. ಕೂಸು ಅಳುತ್ತಿದ್ದಾಗ, ಬೆನ್ನು ಬಿದ್ದುಹೋಗುತ್ತಿದ್ದಾಗ, ಬಾಯಿ ಮಾತ್ರ ಉತ್ತರ ಹೇಳುತ್ತಿತ್ತು. ಅದಕ್ಕಿಂತ ಹೆಚ್ಚು ನನ್ನಲ್ಲಿ ಇರಲೂ ಇಲ್ಲ. ಮುಂದಿನ ಸಲ ಫಾದರು ಬಂದಾಗ ಅಜ್ಜಿ ಬಾಯಿ ತೆರೆದು ಪ್ರಸಾದ ಸ್ವೀಕರಿಸಿದಳು. "ಕೈ ತೊಳ್ಕೊಂಡ್ರಾ?" ಎಂದು ಕೇಳಿಯೇ ತೆರೆದಳು.

ಅವಳು ಹೋದದ್ದು ಒಂದು ಮಧ್ಯಾಹ್ನ, ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ. ಒಳಗೆ ಬಂದರೆ ಉಸಿರಿರಲಿಲ್ಲ.

ಈಗ ಸಂಜೆ ಅಮ್ಮನೇ ಜಪಸರ ಹೇಳುತ್ತಾಳೆ. ಐದು ರಹಸ್ಯ ಐದೇ ಆಗಿ ಮುಗಿಯುತ್ತವೆ. ನಿನ್ನೆ ಶಿಲುಬೆಯ ಗುರುತು ಹಾಕಿಕೊಂಡ ಮೇಲೂ ಇಬ್ಬರೂ ಏಳಲಿಲ್ಲ.

"ಮುಗೀತಲ್ಲ," ಎಂದಳು ಅಮ್ಮ.

"ಹ್ಞೂಂ."

"ಮೊದಲನೇದು ಇನ್ನೊಂದ್ಸಲ ಹೇಳೋಣ್ವಾ?"

"ನಾಳೆ ಹೇಳೋಣಮ್ಮ. ನೀನು ಮಲ್ಕೋ ಹೋಗು."

ಅವಳು ಗೋಡೆ ಹಿಡಿದುಕೊಂಡು ಎದ್ದು ಹೋದಳು. ಕೂಸಿನ ಬಟ್ಟೆಗಳಿನ್ನೂ ಬಕೆಟ್ಟಿನಲ್ಲೇ ಇದ್ದವು, ಒಗೆಯಲು ನಾನು ಹಿತ್ತಲಿಗೆ ನಡೆದೆ.