ಇನ್ನೂರ ಹದಿನಾಲ್ಕನೆಯ ಪೆನ್ನು

ಕಂಕನಾಡಿ ಮಾರ್ಕೆಟ್ಟಿನ ಎದುರು, ಜವಳಿ ಅಂಗಡಿಯೊಂದರ ಜಗಲಿಯ ಮೂಲೆಯಲ್ಲಿ ಮೊಯ್ದೀನಬ್ಬ ಪೆನ್ನು ರಿಪೇರಿಗೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಅದನ್ನು ಅಂಗಡಿ ಎಂದು ಕರೆಯುವುದು ಮರ್ಯಾದೆಯ ಮಾತು. ಇದ್ದದ್ದು ಒಂದು ಗಾಜಿನ ಪೆಟ್ಟಿಗೆ, ಗಿರಾಕಿಗೊಂದು ಸ್ಟೂಲು, ತನಗೊಂದು ಮಣೆ. ಆದರೆ ಕೊಡಿಯಾಲ್‌ಬೈಲಿನ ವಕೀಲರಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಎಲ್ಲರೂ ಪೆನ್ನನ್ನು ಅವನ ಕೈಗಿತ್ತು ನಿಶ್ಚಿಂತೆಯಿಂದ ಹೋಗುತ್ತಿದ್ದರು. ಅವನಿಗೆ ಅಕ್ಷರ ಬಾರದು, ಅಂಕಿ ಮಾತ್ರ ಬರುತ್ತಿತ್ತು. ಪೆನ್ನಿನ ಟೋಪಿಯ ಒಳಗೆ ಸೂಜಿಯಿಂದ ಒಂದು ನಂಬರು ಕೊರೆಯುವುದು, ಅದೇ ನಂಬರನ್ನು ಬೀಡಿ ಲೇಬಲ್ಲಿನ ಹಿಂದೆ ಬರೆದು ಗಿರಾಕಿಗೆ ಕೊಡುವುದು, ಇಷ್ಟೇ ಅವನ ಪದ್ಧತಿ. ಪ್ರತಿ ಜನವರಿಗೆ ಮತ್ತೆ ಒಂದರಿಂದ ಶುರು. ಹೆಸರು ಕೇಳುವುದಿಲ್ಲ, ಚೀಟಿ ತಂದವರಿಗೆ ಪೆನ್ನು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಪೆನ್ನು ಕಳೆದಿರಲಿಲ್ಲ, ಅದಲುಬದಲಾಗಿರಲಿಲ್ಲ. ಅವನಿಗಿದ್ದ ಆಸ್ತಿ ಅದೊಂದೇ.

ಆ ಸ್ಟೂಲಿನ ಮೇಲೆ ದಿನಾ ಸಂಜೆ ಬಂದು ಕೂರುತ್ತಿದ್ದವರು ಜೆಪ್ಪಿನ ಅಲ್ಫೋನ್ಸ್ ಮಾಸ್ಟ್ರು. ಶಾಲೆಯಲ್ಲಿ ಗಣಿತ ಕಲಿಸುವ ಗಂಭೀರ ಮನುಷ್ಯ. ಗುಟ್ಟಾಗಿ ಬೇರೊಂದು ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುವವರು. ಒಮ್ಮೆ ಹೇಗೋ ಸುಳಿವು ಸಿಕ್ಕಿ ಶಾಲೆಯ ಆಡಳಿತದವರು, ಇನ್ನೊಮ್ಮೆ ಇಂಥದ್ದು ಕಿವಿಗೆ ಬಿದ್ದರೆ ಕೆಲಸ ಹೋಯಿತು ಎಂದು ತಿಳಿಯಿರಿ ಎಂದು ಎಚ್ಚರಿಸಿದ್ದರು. ನಿವೃತ್ತಿಗೆ ಇನ್ನೆರಡೇ ವರ್ಷ. ಆದರೂ ಚಟ ಬಿಡಬೇಕಲ್ಲ. ಬರೆದ ಪ್ರತಿ ಅಧ್ಯಾಯವನ್ನೂ ಮೊದಲು ಓದಿ ಹೇಳುತ್ತಿದ್ದದ್ದು ಮೊಯ್ದೀನಬ್ಬನಿಗೆ. ಅವನು ನಿಬ್ಬು ಉಜ್ಜುತ್ತಾ ಕೇಳುತ್ತಿದ್ದ, ಎಲ್ಲಿ ಸುಳ್ಳು ಎನ್ನಿಸಿತೋ ಅಲ್ಲಿ ಕೈ ನಿಲ್ಲಿಸುತ್ತಿದ್ದ. ಮಾಸ್ಟ್ರು ಮನೆಗೆ ಹೋಗಿ ಆ ಜಾಗವನ್ನು ತಿದ್ದುತ್ತಿದ್ದರು.

೧೯೬೫ರ ಮಳೆಗಾಲದಲ್ಲಿ ಮಾಸ್ಟ್ರು ನೂರು ವರ್ಷ ಮುಂದಿನ ಕಾಲದ ಕಥೆಯೊಂದಕ್ಕೆ ಕೈ ಹಾಕಿದರು. ಅದರ ಗೂಢಚಾರನ ಬಳಿ ಗುಂಡಿಲ್ಲದ ಪಿಸ್ತೂಲು. ಒತ್ತಿದರೆ ಬೆಳಕು ಹೊರಟು ಕಬ್ಬಿಣ ಕರಗಬೇಕು. ಆದರೆ ಶತ್ರುಗಳ ಕಾವಲು ದಾಟುವಾಗ ಅದನ್ನು ಎಲ್ಲಿ ಅಡಗಿಸುವುದು ಎಂದು ಹೊಳೆಯಲಿಲ್ಲ.

"ಚಪ್ಪಲಿಯ ಒಳಗೆ ಇಟ್ಟರೆ ಹೇಗೆ?" ಎಂದರು ಮಾಸ್ಟ್ರು.

"ಚಪ್ಪಲಿ ಬಿಚ್ಚಲಿಕ್ಕೆ ಹೇಳ್ತಾರೆ ಮಾಸ್ಟ್ರೇ. ಕಿಸೆಯಲ್ಲಿ ಪೆನ್ನು ಉಂಟಲ್ಲ, ಅದನ್ನು ಯಾರು ನೋಡ್ತಾರೆ? ಪೆನ್ನಿದ್ದರೆ ಮರ್ಯಾದಸ್ಥ ಅಂತ ಒಳಗೆ ಬಿಡ್ತಾರೆ."

ಮಾಸ್ಟ್ರು ತೊಡೆ ತಟ್ಟಿಕೊಂಡರು. "ಹಾಗಾದರೆ ನೀನೇ ಒಂದು ಮಾಡಿ ಕೊಡು ಮಾರಾಯ. ಪುಸ್ತಕದ ಹೊದಿಕೆಗೆ ಫೋಟೋ ತೆಗೆಸುವ."

ಎಂಟು ದಿನ ಮೊಯ್ದೀನಬ್ಬ ಊಟದ ಹೊತ್ತನ್ನೂ ಮರೆತ. ದಪ್ಪನೆಯ ಹಳೆಯ ಪೆನ್ನಿನ ಕೊಳವೆಯೊಳಗೆ ಪೆನ್‌ ಟಾರ್ಚಿನ ಬಲ್ಬು, ಅದರ ಬಾಯಿಗೆ ಹೆಂಡತಿ ಐಸಮ್ಮನ ಒಡೆದ ಬಳೆಯ ಕೆಂಪು ಗಾಜು. ಟೋಪಿಯನ್ನು ತೆಗೆದು ಹಿಂದುಗಡೆ ಅಡ್ಡಕ್ಕೆ ಸಿಕ್ಕಿಸಿದರೆ ಪಿಸ್ತೂಲಿನ ಹಿಡಿ, ಕ್ಲಿಪ್ಪನ್ನು ಒತ್ತಿದರೆ ಎದುರಿನ ಗೋಡೆಯ ಮೇಲೊಂದು ಕೆಂಪು ಚುಕ್ಕೆ. ಜೀವಮಾನದಲ್ಲಿ ಬೇರೆಯವರ ಪೆನ್ನು ಸರಿಮಾಡಿದ್ದೇ ಹೊರತು ತನ್ನದೆಂದು ಏನನ್ನೂ ಮಾಡಿರದ ಕೈ ಅದು. ಮುಗಿದಾಗ ಅವನಿಗೆ ಕಣ್ಣು ತುಂಬಿ ಬಂತು. ಆಮೇಲೆ ಎಂದಿನ ಅಭ್ಯಾಸದಂತೆ ಸೂಜಿ ತೆಗೆದು ಟೋಪಿಯೊಳಗೆ ನಂಬರು ಕೊರೆದ: ೨೧೪. ಚೀಟಿಯನ್ನು ಮಾಸ್ಟ್ರಿಗೆ ಕೊಟ್ಟ. ಅವರು ನಕ್ಕು ಅಂಗಿಯ ಕಿಸೆಗೆ ಹಾಕಿಕೊಂಡು, ಫೋಟೋದವನು ಬರುವವರೆಗೆ ನಿನ್ನ ಹತ್ತಿರವೇ ಇರಲಿ ಎಂದರು.

ಅಲ್ಲಿಯೇ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮಾಡಿದವನಿಗೆ ನಾಲ್ಕು ಜನರಿಗೆ ತೋರಿಸಬೇಕು ಎನ್ನಿಸುವುದು ತಪ್ಪೇ? ಮರುವಾರ ಶಾಯಿ ಸೋರುವ ಪೆನ್ನು ಹಿಡಿದು ಬಂದವನು ಪೊಲೀಸ್ ಪೇದೆ ಬೋಜ. ಹಳೆಯ ಗಿರಾಕಿ, ಒಳ್ಳೆಯವನು. ಮೊಯ್ದೀನಬ್ಬ ಪಿಸ್ತೂಲನ್ನು ಜೋಡಿಸಿ ಅವನ ಖಾಕಿ ಅಂಗಿಯ ಎದೆಯ ಮೇಲೆ ಕೆಂಪು ಚುಕ್ಕೆ ಬಿಟ್ಟ.

"ಇದರಲ್ಲಿ ಕಬ್ಬಿಣ ಕರಗ್ತದೆ ಗೊತ್ತುಂಟಾ," ಎಂದ, ಕಥೆಯಲ್ಲಿದ್ದ ಹಾಗೆ.

"ನನ್ನ ಬಟನ್ ಕರಗಿಸಬೇಡಿ ಮಾರಾಯ್ರೇ," ಎಂದು ಬೋಜ ಹೊಟ್ಟೆ ಹಿಡಿದುಕೊಂಡು ನಕ್ಕ. ಠಾಣೆಗೆ ಹೋಗಿ ಚಾ ಕುಡಿಯುವಾಗ ನಾಲ್ಕು ಜನರಿಗೆ ಹೇಳಿಯೂ ನಕ್ಕ.

ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಕಿಟಕಿಗಳಿಗೆ ಕಪ್ಪು ಕಾಗದ ಬಂತು, ಊರಿನಲ್ಲಿ ಎಲ್ಲಿ ನೋಡಿದರೂ ಗೂಢಚಾರರ ಸುದ್ದಿ. ಬೋಜನ ತಮಾಷೆ ಘಟ್ಟದ ಮೇಲಿನಿಂದ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರರ ಕಿವಿ ತಲುಪಿತು. ಒಂದು ಬೆಳಿಗ್ಗೆ ಜೀಪು ಬಂದು ಜಗಲಿಯ ಮುಂದೆ ನಿಂತಿತು. ಪಿಸ್ತೂಲನ್ನೂ, ರಿಪೇರಿಗೆಂದು ಜನ ಬಿಟ್ಟುಹೋಗಿದ್ದ ಮೂವತ್ತೊಂದು ಪೆನ್ನುಗಳನ್ನೂ, ಮೊಯ್ದೀನಬ್ಬನನ್ನೂ ತುಂಬಿಕೊಂಡು ಹೋಯಿತು. ಬೋಜ ಜೀಪಿನ ಹಿಂದೆ ಕೂತಿದ್ದ. ತಲೆ ಎತ್ತಲಿಲ್ಲ.

"ಇದು ಇನ್ನೂರ ಹದಿನಾಲ್ಕನೆಯದು," ಎಂದರು ಇನ್‌ಸ್ಪೆಕ್ಟರರು ಟೋಪಿಯೊಳಗೆ ಇಣುಕಿ. "ಉಳಿದ ಇನ್ನೂರ ಹದಿಮೂರು ಎಲ್ಲಿವೆ?"

"ಅವು ಪೆನ್ನು ಸಾರ್."

"ನೋಡೋದಕ್ಕೆ ಇದೂ ಪೆನ್ನೇ ಅಲ್ಲವೇನಯ್ಯಾ? ಯಾರ್ಯಾರಿಗೆ ಕೊಟ್ಟೆ, ಹೆಸರು ಹೇಳು."

"ಹೆಸರು ನಾನು ಕೇಳುವುದಿಲ್ಲ ಸಾರ್. ಚೀಟಿ ತಂದವರಿಗೆ ಕೊಡುವುದು."

ಹೇಳುವಾಗಲೇ ಅವನಿಗೆ ತಿಳಿಯಿತು, ಇದು ಮಾಸ್ಟ್ರ ಕಾದಂಬರಿಗಳಲ್ಲಿ ದೇಶದ್ರೋಹಿಗಳು ಆಡುವ ಮಾತಿನ ಹಾಗೆಯೇ ಇದೆ ಎಂದು. ಇಪ್ಪತ್ತೆರಡು ವರ್ಷ ಊರು ಮೆಚ್ಚಿದ ಅವನ ಪದ್ಧತಿ ಆ ಮೇಜಿನ ಮುಂದೆ ಒಂದೇ ಕ್ಷಣದಲ್ಲಿ ಅಪರಾಧವಾಗಿಬಿಟ್ಟಿತು. ಕೊನೆಗೆ ಮಾಸ್ಟ್ರ ಹೆಸರು ಹೇಳಿದ. ಅವರು ಬಂದು ಹೌದೆಂದರೆ ಬಿಡುತ್ತೇನೆ, ಪೆನ್ನುಗಳನ್ನೂ ಕೊಡುತ್ತೇನೆ ಎಂದರು ಇನ್‌ಸ್ಪೆಕ್ಟರರು. ಮೊಯ್ದೀನಬ್ಬನಿಗೆ ತನ್ನ ಚಿಂತೆಗಿಂತ ಪೆನ್ನಿನ ಚಿಂತೆಯೇ ಹೆಚ್ಚಾಗಿತ್ತು. ಅದರಲ್ಲಿ ಪರೀಕ್ಷೆಗೆ ಕೂರುವ ಹುಡುಗಿಯೊಬ್ಬಳದ್ದು ಇತ್ತು, ತೀರಿಹೋದ ಅಪ್ಪನದೆಂದು ಒಬ್ಬರು ಎರಡೆರಡು ಸಲ ಹೇಳಿ ಬಿಟ್ಟುಹೋದದ್ದೂ ಇತ್ತು.

ಐಸಮ್ಮ ಮೂರು ದಿನವೂ ಜೆಪ್ಪಿನ ಮಾಸ್ಟ್ರ ಮನೆಗೆ ನಡೆದಳು. ನಾಲ್ಕನೆಯ ದಿನ ಮಾಸ್ಟ್ರು ಠಾಣೆಗೆ ಬಂದರು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು.

"ಇವನು ಹೇಳ್ತಾನೆ, ನೀವು ಪತ್ತೇದಾರಿ ಕಥೆ ಬರೀತೀರಂತೆ. ಅದಕ್ಕೆ ಈ ಪಿಸ್ತೂಲು ಮಾಡಿಸಿದ್ದಂತೆ. ನಿಜವೇ?"

"ನಾನು ಗಣಿತ ಕಲಿಸುವವ ಸಾರ್," ಎಂದರು ಮಾಸ್ಟ್ರು. "ಕಥೆಗಿಥೆ ನನಗೆ ಗೊತ್ತಿಲ್ಲ. ಇವನ ಹತ್ತಿರ ಪೆನ್ನು ರಿಪೇರಿ ಮಾಡಿಸಿದ್ದುಂಟು, ಅಷ್ಟೇ."

ಹೇಳುವಾಗ ಅವರ ಎಡಗೈ ಕೋಟಿನೊಳಗಿನ ಅಂಗಿಯ ಕಿಸೆಯನ್ನು ಒತ್ತಿ ಹಿಡಿದಿತ್ತು. ಚೀಟಿ ಅಲ್ಲೇ ಇದೆ ಎಂದು ಮೊಯ್ದೀನಬ್ಬನಿಗೆ ಗೊತ್ತಾಯಿತು. ಆ ಕಿಸೆ ನೋಡಿ ಸಾರ್ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಮಾಸ್ಟ್ರು ಈಗ ಹೇಳುತ್ತಾರೆ, ಇನ್ನೊಂದು ಉಸಿರಿಗೆ ಹೇಳಿಯೇ ಬಿಡುತ್ತಾರೆ ಎಂದು ಅವನು ಕಾದ. ಅವರು ನಮಸ್ಕಾರ ಮಾಡಿ ಹೊರಟೇಹೋದರು.

"ಬಾಯಿ ಸತ್ತು ಹೋಗಿತ್ತಾ ನಿಮಗೆ?" ಎಂದು ಐಸಮ್ಮ ಆ ಸಂಜೆ ಚೀಟಿಯ ವಿಷಯ ಕೇಳಿ ಕಂಬಿಯಾಚೆಯಿಂದ ಅತ್ತಳು.

"ಮಾಸ್ಟ್ರ ಕಿಸೆಗೆ ಕೈ ಹಾಕಿ ಅಂತ ಹೇಗೆ ಹೇಳುವುದು, ಐಸೂ?"

ಅಂತೂ ಯುದ್ಧ ನಿಂತಿತು. ಹನ್ನೊಂದನೆಯ ದಿನ ದೊಡ್ಡ ಅಧಿಕಾರಿಯೊಬ್ಬರು ಬಂದು ಆ ಪಿಸ್ತೂಲನ್ನು ಒಂದು ಸಲ ಒತ್ತಿ ನೋಡಿ, ಇದು ಟಾರ್ಚು ಕಣ್ರೀ ಎಂದು ನಕ್ಕರಂತೆ. ನಕ್ಕವರಿಗೇನು! ಮೊಯ್ದೀನಬ್ಬನನ್ನು ಬಿಟ್ಟರು, ಪಿಸ್ತೂಲನ್ನು ಕೊಡಲಿಲ್ಲ. ಮೂವತ್ತೊಂದು ಪೆನ್ನುಗಳನ್ನು ಒಂದು ಗೋಣಿಯಲ್ಲಿ ಹಾಕಿ ಬೋಜ ತಂದುಕೊಟ್ಟ. ಬಿಚ್ಚಿ ನೋಡಿದರೆ ಒಂದೂ ಇಡಿಯಾಗಿರಲಿಲ್ಲ. ಒಳಗೆ ಏನಿದೆ ಎಂದು ಹುಡುಕಿದವರು ಕೊಳವೆಗಳನ್ನು ಇಕ್ಕಳದಲ್ಲಿ ಸೀಳಿದ್ದರು, ನಿಬ್ಬುಗಳನ್ನೆಲ್ಲ ಕಿತ್ತು ಒಟ್ಟಿಗೆ ಸುರಿದಿದ್ದರು. ನಂಬರು ಇದ್ದದ್ದು ಟೋಪಿಯಲ್ಲಿ ಮಾತ್ರ. ಯಾವ ನಿಬ್ಬು ಯಾರದು ಎಂದು ಹೇಳಲು ದೇವರೇ ಬರಬೇಕಿತ್ತು.

"ನನ್ನಿಂದಾಗಿ ಹೀಗಾಯ್ತು," ಎಂದ ಬೋಜ. ಮೊಯ್ದೀನಬ್ಬ ನಿಬ್ಬುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಹರಡತೊಡಗಿದ.

ಒಬ್ಬೊಬ್ಬರಾಗಿ ಚೀಟಿ ಹಿಡಿದು ಬಂದರು. ಅವನು ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸಿ, ಹತ್ತು ಕಡೆ ಅಂಟು ಹಚ್ಚಿ, ತಲೆ ತಗ್ಗಿಸಿ ಕೊಟ್ಟ. ಅಪ್ಪನ ಪೆನ್ನಿನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮದಲ್ಲ," ಎಂದರು. ಆಮೇಲೆ ಪಾಪ ಎನ್ನಿಸಿತೋ ಏನೋ, ತೆಗೆದುಕೊಂಡು ಹೋದರು. ಬೈದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ಯಾರೂ ಅವನಲ್ಲಿ ಪೆನ್ನು ಬಿಟ್ಟು ಹೋಗಲಿಲ್ಲ. ರಿಪೇರಿಗೇನೋ ಬರುತ್ತಿದ್ದರು, ಎದುರಿಗೆ ನಿಂತು, ಕಣ್ಣನ್ನು ಅವನ ಬೆರಳ ಮೇಲಿಟ್ಟು, ಮುಗಿದ ಕೂಡಲೇ ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದರು. ಬೀಡಿ ಲೇಬಲ್ಲುಗಳ ಕಟ್ಟು ಪೆಟ್ಟಿಗೆಯ ಅಡಿಗೆ ಸೇರಿತು. ಸ್ಟೂಲನ್ನು ಅವನು ಮನೆಗೆ ಒಯ್ದ.

ಎರಡು ವರ್ಷ ಕಳೆದು, ನಿವೃತ್ತರಾದ ಮರುದಿನ, ಅಲ್ಫೋನ್ಸ್ ಮಾಸ್ಟ್ರು ಬಂದರು. ಇಷ್ಟು ದಿನ ಅವರು ಕಂಕನಾಡಿಯನ್ನು ಬಳಸಿಕೊಂಡು ಓಡಾಡುತ್ತಿದ್ದರು. ಸ್ಟೂಲಿಗಾಗಿ ಆಚೀಚೆ ನೋಡಿ, ನಿಂತೇ ಒಂದು ಚೀಟಿಯನ್ನು ಗಾಜಿನ ಮೇಲಿಟ್ಟರು. ಮಡಿಕೆ ಸವೆದು ೨೧೪ ಅರ್ಧ ಅಳಿಸಿಹೋಗಿತ್ತು.

"ಆ ದಿನ ಇದು ನನ್ನ ಕಿಸೆಯಲ್ಲೇ ಇತ್ತು."

"ಗೊತ್ತುಂಟು ಮಾಸ್ಟ್ರೇ."

ಆ ಕಾದಂಬರಿಯನ್ನು ಅಂದೇ ಒಲೆಗೆ ಹಾಕಿದೆ, ಮತ್ತೆ ಒಂದಕ್ಷರ ಬರೆದಿಲ್ಲ ಎಂದರು ಮಾಸ್ಟ್ರು. ಆಮೇಲೆ ತಮ್ಮ ಪೆನ್ನನ್ನು ತೆಗೆದು ಚೀಟಿಯ ಪಕ್ಕದಲ್ಲಿಟ್ಟರು. "ಇದನ್ನು ಬಿಟ್ಟು ಹೋಗ್ತೇನೆ. ನಂಬರು ಹಾಕಿ ಇಡು. ಅವಸರ ಇಲ್ಲ, ಒಂದು ತಿಂಗಳು ಬಿಟ್ಟು ಬರ್ತೇನೆ."

ಎರಡು ವರ್ಷದಲ್ಲಿ ಹಾಗೆ ಹೇಳಿದವರು ಅವರೊಬ್ಬರೇ. ಸರಿ ಮಾಸ್ಟ್ರೇ, ಬಿಟ್ಟು ಹೋಗಿ ಎನ್ನಬೇಕೆಂದು ಮೊಯ್ದೀನಬ್ಬನಿಗೆ ನಿಜವಾಗಿಯೂ ಆಸೆಯಾಯಿತು. ಸೂಜಿಯನ್ನು ಕೈಗೆ ತೆಗೆದುಕೊಂಡ. ಬೇರೊಬ್ಬರ ಪೆನ್ನು ತನ್ನ ಪೆಟ್ಟಿಗೆಯಲ್ಲಿ ರಾತ್ರಿ ಕಳೆಯುತ್ತದೆ ಎಂದು ನೆನೆದದ್ದೇ ತಡ, ಗೋಣಿಯಿಂದ ಸುರಿದ ನಿಬ್ಬುಗಳು ಕಣ್ಣ ಮುಂದೆ ಬಂದವು. ಸೂಜಿಯನ್ನು ಕೆಳಗಿಟ್ಟ.

"ಬೇಡ ಮಾಸ್ಟ್ರೇ. ಈಗ ಯಾರದ್ದನ್ನೂ ಇಟ್ಟುಕೊಳ್ಳುವುದಿಲ್ಲ. ಐದು ನಿಮಿಷ ನಿಲ್ಲಿ, ಮಾಡಿ ಕೊಡ್ತೇನೆ."

ಮಾಸ್ಟ್ರು ಬಿಸಿಲಿನಲ್ಲಿ ನಿಂತರು. ಅವನು ನಿಬ್ಬು ಉಜ್ಜಿ, ಶಾಯಿ ತುಂಬಿ, ಕಾಗದದ ಮೇಲೆ ಒಂದು ಗೆರೆ ಎಳೆದು ನೋಡಿ, ಪೆನ್ನನ್ನು ಅವರ ಕೈಗೆ ಕೊಟ್ಟ.